ನಂದಿಗುಡಿಯ ತಂಬೂರಿ ಮಿರಜಿಗೆ ಹೋಗಿಬಂದದ್ದು

ಹರಿಹರದಿಂದ ಶಿವಮೊಗ್ಗದ ರಸ್ತೆ ಹಿಡಿದು ಹೊರಟರೆ ಮಲೇಬೆನ್ನೂರು ಸಿಗುತ್ತದೆ. ಅಲ್ಲಿಂದ ತುಂಗಭದ್ರೆಯ ಕಡೆಗೆ ಹೊರಳಿದರೆ ನಂದಿಗುಡಿ. ಭದ್ರಾ ನಾಲೆಯ ನೀರು ಹರಿದುಬಂದ ಮೇಲೆ ಈ ಸೀಮೆಯ ಬಣ್ಣವೇ ಬದಲಾಯಿತು. ಜೋಳ, ರಾಗಿ ಬೆಳೆಯುತ್ತಿದ್ದ ಹೊಲಗಳು ಭತ್ತದ ಗದ್ದೆಗಳಾದವು, ಗದ್ದೆಗಳ ನಡುವೆ ಈಗ ಅಡಿಕೆ ತೋಟಗಳೂ ತಲೆ ಎತ್ತಿವೆ. ಹೊಳೆಯಾಚೆ ಕಾಣುವುದು ಹಾವೇರಿ ಜಿಲ್ಲೆ. ಅಮಾವಾಸ್ಯೆ ಬಂತೆಂದರೆ ಉಕ್ಕಡಗಾತ್ರಿಯ ಕರಿಬಸವೇಶ್ವರನ ಗದ್ದುಗೆಗೆ ಹೋಗುವ ಭಕ್ತರಿಂದ ಇಲ್ಲಿಯ ಬಸ್ಸುಗಳು ತುಂಬಿ ತುಳುಕುತ್ತವೆ. 1997ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಗುವವರೆಗೂ ನಾವೆಲ್ಲ ಚಿತ್ರದುರ್ಗ ಜಿಲ್ಲೆಯವರೇ ಆಗಿದ್ದೆವು.

ಇಂಥ ಊರಿನಲ್ಲಿ ಒಂದು ಹಳೆಯ ತಂಬೂರಿ ಇದೆ. ಏಕತಾರಿಯಂಥ ಚಿಕ್ಕ ತಂಬೂರಿಯಲ್ಲ; ಹಿಂದೂಸ್ತಾನಿ ಗವಾಯಿಗಳ ಹಿಂದೆ ನಿಲ್ಲುವ, ನಾಲ್ಕು ತಂತಿಯ, ಸುಮಾರು ಐದು ಅಡಿ ಎತ್ತರದ ತಂಬೂರಿ. ಬುಡದಲ್ಲಿ ಎರಡು ಕೈಗಳಿಂದಲೂ ಬಾಚಿ ಹಿಡಿಯಲಾಗದಷ್ಟು ದೊಡ್ಡ ಸೋರೆ ಬುರುಡೆ. ಒಂದು ಕಾಲಕ್ಕೆ ಈ ಕಡೆ ಮೊಕ್ಕಾಂ ಮಾಡಿದ್ದ ನಾಟಕ ಕಂಪನಿಯೊಂದು ಮಳೆ ಹಿಡಿದು ನಷ್ಟಕ್ಕೆ ಸಿಕ್ಕಾಗ ಅಕ್ಕಿ ಬೇಳೆಯ ಬಾಕಿಗೆ ಇದನ್ನು ಬಿಟ್ಟುಹೋಯಿತೆಂದು ಊರಿನ ಹಿರಿಯರು ಹೇಳುತ್ತಾರೆ. ಅಂದಿನಿಂದ ಭಜನೆ ಮನೆಯ ಗೋಡೆಯ ಗೂಟವೇ ಅದರ ಮನೆ. ಸೋಮವಾರ ರಾತ್ರಿಯ ವಚನ, ತತ್ತ್ವಪದಗಳಿಗೆಲ್ಲ ಅದೇ ಶ್ರುತಿ.

ಕಳೆದ ಮಳೆಗಾಲದಲ್ಲಿ ನೆನೆದ ಗೋಡೆಯ ಗೂಟ ಸಡಿಲಗೊಂಡು ತಂಬೂರಿ ನೆಲಕ್ಕೆ ಬಿತ್ತು. ಬುರುಡೆಯ ಅಂಚಿನಿಂದ ಕೆಳಕ್ಕೆ ಒಂದು ಗೇಣು ಸೀಳು. ಮೇಲೆ ಮುಚ್ಚಿದ ಹಲಗೆ ಒಂದು ಕಡೆ ಎದ್ದಿತ್ತು. ದಂಡಿ ಬುರುಡೆಯನ್ನು ಕೂಡುವ ಕುತ್ತಿಗೆಯ ಬೆಸುಗೆ ಅಲ್ಲಾಡುತ್ತಿತ್ತು. ಬಿರಡೆ ತಿರುವಿದರೆ ತಂತಿ ಏರುವ ಬದಲು ದಂಡಿಯೇ ಬಾಗುತ್ತಿತ್ತು.

ಊರ ಹುಡುಗರು ವಿದ್ಯುತ್ ಶ್ರುತಿಪೆಟ್ಟಿಗೆ ತಂದರು. ಮೊಬೈಲಿನಲ್ಲೂ ತಂಬೂರಿ ಬಾರಿಸುವ ವ್ಯವಸ್ಥೆ ಇದೆಯೆಂದು ತೋರಿಸಿದರು. ಆದರೆ ಅರವತ್ತು ವರ್ಷದಿಂದ ಇದೇ ತಂಬೂರಿ ಹಿಡಿದು ಹಾಡಿದ ಎಂಬತ್ತೆರಡರ ಅಜ್ಜಾರು ಎರಡು ಸೋಮವಾರ ಕೂತು ಎದ್ದುಹೋದರು. ಮೂರನೆಯ ಸೋಮವಾರ ಬರಲಿಲ್ಲ. ಮನೆಗೆ ಹೋಗಿ ವಿಚಾರಿಸಿದಾಗ ಅವರು ಹೇಳಿದ ಮಾತು ಇದು: "ಪೆಟ್ಟಿಗೆ ಶ್ರುತಿ ಕೊಡ್ತೈತೆ ಮೇಷ್ಟ್ರೇ, ಇಲ್ಲ ಅನ್ನಲ್ಲ. ಆದ್ರೆ ನಾನು ಹಾಡಿದ್ದಕ್ಕೆ ಅದು ತಿರುಗಿ ಏನೂ ಅನ್ನಲ್ಲ."

ವಿಜ್ಞಾನದ ಮೇಷ್ಟ್ರಾದ ನನಗೆ ಈ ಮಾತು ಬರೀ ಭಾವುಕತೆಯಾಗಿ ಕೇಳಲಿಲ್ಲ. ಶ್ರುತಿ ಕೂಡಿಸಿದ ತಂಬೂರಿಯ ಮುಂದೆ ಷಡ್ಜ ಹಿಡಿದು ಹಾಡಿ ನಿಲ್ಲಿಸಿದರೆ, ಯಾರೂ ಮುಟ್ಟದಿದ್ದರೂ ತಂತಿಗಳು ಸಣ್ಣಗೆ ಮಿಡಿಯುತ್ತವೆ. ಇದನ್ನೇ ನಾವು ತರಗತಿಯಲ್ಲಿ ಅನುರಣನೆ ಎಂದು ಕಲಿಸುತ್ತೇವೆ. ಶ್ರುತಿಪೆಟ್ಟಿಗೆಯಲ್ಲಿ ಧ್ವನಿವರ್ಧಕ ಉಂಟು, ಹಾಗೆ ಮರುನುಡಿಯುವ ತಂತಿ ಇಲ್ಲ. ಅಜ್ಜಾರು ಹೇಳಿದ್ದು ಭೌತವಿಜ್ಞಾನವೇ. ಊರಲ್ಲಿ ವಂತಿಗೆ ಎತ್ತಿದರು. ದಸರಾ ರಜೆ ಇದ್ದುದರಿಂದ ರಿಪೇರಿ ಮಾಡುವವರನ್ನು ಹುಡುಕುವ ಕೆಲಸ ನನ್ನ ಪಾಲಿಗೆ ಬಂತು.

ಬುರುಡೆ ಲೇಥಿಗೆ ಬರಲ್ಲ!

ಮೊದಲು ಹೋದದ್ದು ಹರಿಹರಕ್ಕೆ. ಹರಿಹರವೆಂದರೆ ಕುಶಲಿಗರ ಊರು. ಹೊಯ್ಸಳರ ಎರಡನೆಯ ನರಸಿಂಹನ ದಂಡನಾಯಕ ಪೋಳಾಳ್ವ 13ನೆಯ ಶತಮಾನದ ಮೊದಲ ಭಾಗದಲ್ಲಿ ಕಟ್ಟಿಸಿದ ಹರಿಹರೇಶ್ವರ ದೇಗುಲದ ಕಂಬಗಳನ್ನು ನೋಡಿ. ಲೇಥ್ ಯಂತ್ರಕ್ಕೆ ಕೊಟ್ಟು ತಿರುಗಿಸಿದಂತೆ ನುಣುಪಾಗಿವೆ. ಏಳು ಶತಮಾನಗಳ ನಂತರ, 1941ರಲ್ಲಿ, ಅದೇ ಊರಿಗೆ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಂದು ನಿಜವಾದ ಲೇಥ್‌ಗಳನ್ನೇ ತಯಾರಿಸತೊಡಗಿತು. ಆ ಕಾರ್ಖಾನೆ ಈಗಿಲ್ಲ. ಆದರೆ ಅಲ್ಲಿ ಕೈ ಪಳಗಿಸಿಕೊಂಡವರು ಊರಲ್ಲಿ ಇನ್ನೂ ಇದ್ದಾರೆ. ಅಂಥ ನಿವೃತ್ತ ಟರ್ನರ್ ಒಬ್ಬರು ತಂಬೂರಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಬಿರಡೆ ಬೇಕಾದ್ರೆ ಹೇಳ್ರಿ ಸಾರ್, ಕೂದಲೆಳೆ ವ್ಯತ್ಯಾಸ ಇಲ್ಲದಂಗೆ ತಿರುಗಿಸಿ ಕೊಡ್ತೀನಿ. ಆದ್ರೆ ಬುರುಡೆ ಲೇಥಿಗೆ ಬರಲ್ಲ" ಎಂದು ನಕ್ಕರು.

ದಾವಣಗೆರೆಯ ವಾದ್ಯದ ಅಂಗಡಿಗಳಲ್ಲಿ ಹಾರ್ಮೋನಿಯಂ ರಿಪೇರಿ ಆಗುತ್ತದೆ, ತಬಲಾಕ್ಕೆ ಹೊಸ ಚರ್ಮ ಕೂರಿಸುತ್ತಾರೆ. ತಂಬೂರಿ ಎಂದ ಕೂಡಲೇ ಎಲ್ಲರೂ ಕೈಯಾಡಿಸಿಬಿಟ್ಟರು. ಒಬ್ಬರು ಎಪಾಕ್ಸಿ ಅಂಟು ತುಂಬಿ ಸೀಳು ಮುಚ್ಚಿಕೊಡುವುದಾಗಿ ಹೇಳಿದರು. ಅಂಗಡಿಯಲ್ಲಿ ತಬಲಾ ಒಯ್ಯಲು ಬಂದಿದ್ದ ಹಿರಿಯ ಕಲಾವಿದರು ತಕ್ಷಣ ತಡೆದರು. "ಹಾಗೆ ಮಾಡಿದರೆ ಸೀಳೇನೋ ಮುಚ್ಚುತ್ತದೆ, ದನಿಯೂ ಮುಚ್ಚುತ್ತದೆ. ಮುಂದೆ ಯಾವ ಕೆಲಸಗಾರನೂ ಅದನ್ನು ಬಿಚ್ಚಲಾರ. ಮಿರಜಿಗೆ ಹೋಗಿ."

ಮೈಸೂರಿಗೆ ಏಕಲ್ಲ? ವೀಣೆ ಮಾಡುವವರು ಅಲ್ಲಿದ್ದಾರಲ್ಲ ಎಂದು ಕೇಳಿದೆ. ಅವರ ವಿವರಣೆ ವಿದ್ಯಾರ್ಥಿಗಳು ತಿಳಿಯಬೇಕಾದದ್ದು. ತಂಬೂರಿಯಲ್ಲಿ ಎರಡು ಮನೆತನ. ತಂಜಾವೂರು, ಮೈಸೂರು ಕಡೆಯ ಕರ್ನಾಟಕ ಸಂಗೀತದ ತಂಬೂರಿಗೆ ಬುಡವೂ ಮರದ್ದೇ. ಹೆಚ್ಚಾಗಿ ಹಲಸಿನ ಮರವನ್ನು ಕೊರೆದು ಮಾಡುತ್ತಾರೆ. ಹಿಂದೂಸ್ತಾನಿ ತಂಬೂರಿಗೆ ಬುಡ ಸೋರೆ ಬುರುಡೆ. ಹಲಸು ಕೊರೆಯುವ ಕೈಗೂ ಬುರುಡೆ ಹದಗೊಳಿಸುವ ಕೈಗೂ ಕೆಲಸ ಬೇರೆ, ಉಪಕರಣ ಬೇರೆ. ಬುರುಡೆಯ ವಿದ್ಯೆಗೆ ದಕ್ಷಿಣದಲ್ಲಿ ಹೆಸರಾದ ಊರು ಮಿರಜ್.

ಸಂಗೀತದ ಹಳಿಯ ಮೇಲೆ

ಹರಿಹರದಿಂದ ಮಿರಜಿಗೆ ರೈಲಿನಲ್ಲಿ ನೇರವಾಗಿ ಹೋಗಬಹುದು. ಬೆಂಗಳೂರಿನಿಂದ ಬರುವ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ನಸುಕಿನಲ್ಲಿ ನಮ್ಮನ್ನು ಹತ್ತಿಸಿಕೊಂಡಿತು. ನನ್ನ ಜೊತೆಗೆ ಹತ್ತನೆಯ ತರಗತಿಯ ಒಬ್ಬ ವಿದ್ಯಾರ್ಥಿ. ಅವನ ತಂದೆ ಊರಿನ ಬಡಗಿ. ಲೆಕ್ಕದಲ್ಲಿ ಅಷ್ಟಕ್ಕಷ್ಟೇ ಆದರೂ ಉಳಿ ಹಿಡಿದರೆ ಹುಡುಗನ ಕೈ ಸೋಲುವುದಿಲ್ಲ. ತಂಬೂರಿಯ ತಂತಿಗಳನ್ನು ಸಡಿಲಿಸಿ, ಮನೆಯಲ್ಲಿದ್ದ ಎರಡು ಕೌದಿಗಳಲ್ಲಿ ಸುತ್ತಿ, ಕೂಸಿನಂತೆ ಮೇಲಿನ ಬರ್ತಿನ ಮೇಲೆ ಮಲಗಿಸಿದೆವು. ಟಿಕೆಟ್ ಪರೀಕ್ಷಕರು, "ಯಾರ್ರಿ ಅದು ಮಲಗಿರೋದು?" ಎಂದು ಕೇಳಿದ್ದೂ ಆಯಿತು!

ತಂತಿ ಏಕೆ ಸಡಿಲಿಸಬೇಕು ಎಂದು ಹುಡುಗ ಕೇಳಿದ. ಅಲ್ಲೇ ಕಾಗದದ ಮೇಲೆ ಲೆಕ್ಕ ಹಾಕಿದೆವು. ಒಂದು ಮೀಟರ್ ಉದ್ದದ, 0.3 ಮಿಲಿಮೀಟರ್ ದಪ್ಪದ ಉಕ್ಕಿನ ತಂತಿ ಸೆಕೆಂಡಿಗೆ 138 ಬಾರಿ ಕಂಪಿಸಬೇಕಾದರೆ ಅದರ ಮೇಲಿನ ಎಳೆತ, ನಾಲ್ಕು ಕಿಲೋಗಿಂತ ತುಸು ಹೆಚ್ಚಿನ ತೂಕವನ್ನು ತೂಗುಬಿಟ್ಟಷ್ಟಿರಬೇಕು. ಇಂಥ ನಾಲ್ಕು ತಂತಿ ಸೇರಿದರೆ ಹದಿನೈದು ಕಿಲೋ ಮೀರುತ್ತದೆ. ಅಷ್ಟು ಭಾರವನ್ನು ಹಗಲು ರಾತ್ರಿ ಹೊತ್ತು ನಿಂತಿರುವುದು ಒಂದು ತೆಳ್ಳನೆಯ ಹಲಗೆ ಮತ್ತು ಒಂದು ಒಣ ಸೋರೆಕಾಯಿ! ಸೀಳು ಬಿಟ್ಟ ಬುರುಡೆಗೆ ಆ ಭಾರ ಹೊರಿಸಿ ರೈಲಿನಲ್ಲಿ ಕುಲುಕಿದರೆ ಗತಿಯೇನು?

ಈ ಹಳಿಯ ಎರಡೂ ಪಕ್ಕ ಸಂಗೀತದ ನಾಡು. ಹಾವೇರಿ ದಾಟುವಾಗ ಶಿಶುನಾಳ ಶರೀಫರ ನೆನಪು. ತಂಬೂರಿಯನ್ನೇ ಮನುಷ್ಯ ದೇಹಕ್ಕೆ ರೂಪಕವಾಗಿಸಿ ಹಾಡಿದವರು ಅವರು. ಮುಂದೆ ಕುಂದಗೋಳ. ರಾಮಭಾವು ಕುಂದಗೋಳಕರ, ಅಂದರೆ ಸವಾಯಿ ಗಂಧರ್ವರ (1886–1952) ಊರು. ಗಂಗೂಬಾಯಿ ಹಾನಗಲ್ ಹಾಗೂ ಭೀಮಸೇನ ಜೋಶಿ ಇಬ್ಬರೂ ಅವರ ಶಿಷ್ಯರು. ಗದಗಿನ ಬಾಲಕ ಭೀಮಸೇನ ಗುರುವನ್ನು ಹುಡುಕುತ್ತ 1933ರಲ್ಲಿ ಮನೆ ಬಿಟ್ಟು ಉತ್ತರ ಭಾರತವನ್ನೆಲ್ಲ ಸುತ್ತಿ, ಕೊನೆಗೆ ಗುರುವನ್ನು ಕಂಡುಕೊಂಡದ್ದು ಮನೆಯ ಹತ್ತಿರದ ಕುಂದಗೋಳದಲ್ಲೇ. ಅವರಿಗೆ 2008ರಲ್ಲಿ ಭಾರತರತ್ನ ಘೋಷಣೆಯಾಯಿತು. ಈ ಕಥೆ ಹೇಳಿದಾಗ ಹುಡುಗ ಕಿಟಕಿಯಿಂದ ತಲೆ ಹೊರಹಾಕಿ ಕುಂದಗೋಳದ ಚಿಕ್ಕ ನಿಲ್ದಾಣವನ್ನು ಕಣ್ಣು ಮರೆಯಾಗುವವರೆಗೂ ನೋಡಿದ.

ಹುಬ್ಬಳ್ಳಿ, ಧಾರವಾಡ, ಕಾಡಿನ ನಡುವಿನ ಲೋಂಡಾ, ಬೆಳಗಾವಿ. ಆಮೇಲೆ ಕಪ್ಪು ನೆಲ, ಕಬ್ಬಿನ ಗದ್ದೆ. ಕುಡಚಿಯ ಬಳಿ ಕೃಷ್ಣೆಯನ್ನು ದಾಟಿದರೆ ಮಿರಜ್ ದೂರವಿಲ್ಲ. ಊರು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿದ್ದರೂ ನಿಲ್ದಾಣದಲ್ಲಿ ಇಳಿದೊಡನೆ ಕಿವಿಗೆ ಬೀಳುವ ಮಾತಿನಲ್ಲಿ ಕನ್ನಡಕ್ಕೇನೂ ಕೊರತೆ ಇಲ್ಲ.

ಕತ್ತಿ ಹಿಡಿದ ಕೈ ತಂತಿ ಹಿಡಿಯಿತು

ಮಿರಜ್ ಹಿಂದೆ ಪಟವರ್ಧನ ಮನೆತನದ ಸಂಸ್ಥಾನವಾಗಿತ್ತು. ಅಲ್ಲಿ ಶಿಕಲಗಾರರ ಕುಟುಂಬಗಳಿದ್ದವು. ಕತ್ತಿ, ಭರ್ಚಿಗಳನ್ನು ಮಾಡುವುದು, ಸಾಣೆ ಹಿಡಿಯುವುದು ಅವರ ಕಸುಬು. ಬ್ರಿಟಿಷರ ಆಳ್ವಿಕೆ ಗಟ್ಟಿಯಾಗಿ ಯುದ್ಧಗಳು ನಿಂತ ಮೇಲೆ ಕತ್ತಿಗೆ ಗಿರಾಕಿ ಎಲ್ಲಿ? ಆಸ್ಥಾನಕ್ಕೆ ಬರುತ್ತಿದ್ದ ಗವಾಯಿಗಳ ವಾದ್ಯಗಳು ಕೆಟ್ಟಾಗ ದುರಸ್ತಿ ಮಾಡುವವರು ಬೇಕಿತ್ತು. 19ನೆಯ ಶತಮಾನದ ಮಧ್ಯಭಾಗದಲ್ಲಿ ಫರೀದಸಾಹೇಬರೆಂಬ ಶಿಕಲಗಾರರು ಈ ಕೆಲಸಕ್ಕೆ ಕೈಹಾಕಿದರು. ರಿಪೇರಿಯಿಂದ ಶುರುವಾದದ್ದು ಹೊಸ ವಾದ್ಯ ಮಾಡುವಲ್ಲಿಗೆ ಮುಟ್ಟಿತು. ಸಿತಾರ್‌ಮೇಕರ್ ಎಂಬುದೇ ಮನೆತನದ ಅಡ್ಡಹೆಸರಾಗಿ ನಿಂತಿತು. ಓದುಗರು ಗಮನಿಸಬೇಕು: ಒಂದು ಕಸುಬು ಸತ್ತಾಗ ಆ ಕೈಗಳು ಸುಮ್ಮನೆ ಕೂರಲಿಲ್ಲ. ಉಕ್ಕಿನ ಹದ ಬಲ್ಲ ಬೆರಳುಗಳು ಮರದ ಹದ ಕಲಿತವು.

ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್ (1872–1937) ನೆಲೆ ನಿಂತದ್ದು ಇದೇ ಮಿರಜಿನಲ್ಲಿ. ಸವಾಯಿ ಗಂಧರ್ವರ ಗುರುಗಳು ಅವರು. ಅವರ ಸಮಾಧಿ ಇಲ್ಲಿಯ ಮೀರಾಸಾಹೇಬರ ದರ್ಗಾದ ಆವರಣದಲ್ಲಿದೆ. ಪ್ರತಿವರ್ಷ ಉರುಸಿನಲ್ಲಿ ಅವರ ನೆನಪಿಗೆ ಸಂಗೀತಗಾರರು ಹಾಡುತ್ತಾರೆ. ನಾವೂ ಅಲ್ಲಿಗೆ ಹೋಗಿ ಒಂದು ಗಳಿಗೆ ಕೂತು, ಆಮೇಲೆ ಕೌದಿಯ ಗಂಟು ಹೊತ್ತು ವಾದ್ಯ ಮಾಡುವವರ ಗಲ್ಲಿಗೆ ನಡೆದೆವು.

ಗಲ್ಲಿ ಇಕ್ಕಟ್ಟು. ಆದರೆ ಅಂಗಡಿಗಳ ಒಳಗೆ ನೋಡಿದರೆ ಬೇರೆ ಲೋಕ. ಛಾವಣಿಯಿಂದ ತೂಗುಬಿದ್ದ ಬುರುಡೆಗಳು, ಗೋಡೆಗೆ ಒರಗಿದ ದಂಡಿಗಳು, ನೆಲದ ತುಂಬ ತೂನ್ ಮರದ ಕೆಂಪು ಹೊಟ್ಟು. ಒಲೆಯ ಮೇಲೆ ಸಣ್ಣ ಡಬ್ಬಿಯಲ್ಲಿ ಸರೇಸು ಕಾಯುತ್ತಿತ್ತು. ಅರವತ್ತರ ಆಸುಪಾಸಿನ ಕುಶಲಿಗರು ಮುರುಕು ಕನ್ನಡದಲ್ಲೇ, "ಬರ್ರಿ ಮಾಸ್ತರ್, ಕೂಡ್ರಿ. ಪೇಶಂಟ್ ಎಲ್ಲಿಂದ ಬಂದಾನ?" ಎಂದು ಕೌದಿ ಬಿಚ್ಚಿದರು.

ಅವರ ತಪಾಸಣೆ ವೈದ್ಯರದ್ದರಂತೆಯೇ ಇತ್ತು. ಮೊದಲು ಬೆರಳ ಗೆಣ್ಣಿನಿಂದ ಬುರುಡೆಯ ಸುತ್ತಲೂ ಕುಟ್ಟಿ ಕೇಳಿದರು. ದನಿ ಮಂಕಾದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗುರುತು. ಕಣ್ಣಿಗೆ ಕಾಣುತ್ತಿದ್ದ ಸೀಳು ಒಂದು ಗೇಣು. ಅವರ ಕಿವಿಗೆ ಕಂಡದ್ದು ಒಂದೂವರೆ ಗೇಣು! ಆಮೇಲೆ ಎದ್ದಿದ್ದ ಹಲಗೆಯ ಸಂದಿನಿಂದ ಬೆಳಕು ಹಾಯಿಸಿ ಒಳಗೆ ಇಣುಕಿದರು. ಒಳಗೆ ಹಳೆಯ ಬಟ್ಟೆಯ ತೇಪೆ ಇತ್ತು. "ಇದಕ್ಕ ಮೊದಲೂ ಒಮ್ಮೆ ಪೆಟ್ಟಾಗೇತಿ. ಮಾಡಿದಾಂವ ಚಲೋ ಕೆಲಸಗಾರ" ಎಂದರು. ನಮ್ಮ ಊರಿನಲ್ಲಿ ಯಾರಿಗೂ ಗೊತ್ತಿಲ್ಲದ ತಂಬೂರಿಯ ಪೂರ್ವಕಥೆ ಅದರ ಹೊಟ್ಟೆಯೊಳಗೇ ಇತ್ತು.

ಹಾಗಾದರೆ ಬುರುಡೆ ಬದಲಿಸಬೇಕೆ? ಹೊಸ ಬುರುಡೆ ಹಾಕಿದರೆ ಕೆಲಸ ಸುಲಭ, ಬಾಳಿಕೆಯೂ ಹೆಚ್ಚು. ಪಂಢರಪುರದ ಕಡೆಯ ಭೀಮಾ ತೀರದ ಕಪ್ಪು ನೆಲದಲ್ಲಿ ಇದಕ್ಕೆಂದೇ ದಪ್ಪ ಸಿಪ್ಪೆಯ ಕಹಿ ಸೋರೆ ಬೆಳೆಯುತ್ತಾರೆ. ಬಳ್ಳಿಯಲ್ಲೇ ಬಲಿತು ಒಣಗಿದ ಕಾಯಿ ಇಲ್ಲಿಗೆ ಬರುತ್ತದೆ. ಆದರೆ ಅಜ್ಜಾರು ಹೊರಡುವಾಗ ಹೇಳಿದ್ದು ಒಂದೇ ಮಾತು: "ದನಿ ಅದೇ ಇರಬೇಕು." ದಂಡಿ ಹಳೆಯದು, ಬುರುಡೆ ಹೊಸದಾದರೆ ಅದು ನಮ್ಮ ತಂಬೂರಿಯೇ? ನಾನು ಅನುಮಾನಿಸುತ್ತಿದ್ದುದನ್ನು ಕಂಡು ಅವರೇ ಹೇಳಿದರು: "ಉಳಿಸೂಣು. ಆದ್ರ ಗ್ಯಾರಂಟಿ ಕೊಡಾಂಗಿಲ್ಲ. ಹಲಗಿ ಬಿಚ್ಚಿದ ಮ್ಯಾಲ ಸೀಳು ಇನ್ನೂ ಓಡಿದ್ರ ಹೊಸಾದೇ ಹಾಕಬೇಕು. ಒಪ್ಪಿಗಿ ಏನ್ರಿ?" ಫೋನಿನಲ್ಲಿ ಊರವರನ್ನು ಕೇಳಿ ಒಪ್ಪಿದೆ.

ಬಿಚ್ಚಲು ಬರುವ ಅಂಟು

ಹಲಗೆಯ ಅಂಚಿಗೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿ, ಸ್ವಲ್ಪ ಹೊತ್ತು ಬಿಟ್ಟು, ತೆಳ್ಳನೆಯ ಚಾಕುವನ್ನು ಮೆಲ್ಲಗೆ ಆಡಿಸಿದರು. ನೂರಾರು ಬಾರಿ ಮಾಡಿದ ಕೈ. ಒಂದು ಚೂರೂ ಮುರಿಯದೆ ಹಲಗೆ ಎದ್ದುಬಂತು. ಸರೇಸಿನ ಗುಣವೇ ಅದು. ಪ್ರಾಣಿಗಳ ಚರ್ಮ, ಮೂಳೆಗಳನ್ನು ಕುದಿಸಿ ಮಾಡುವ ಈ ಅಂಟು ಒಣಗಿದಾಗ ಕಲ್ಲಿನಂತೆ ಗಟ್ಟಿ. ಬಿಸಿ ಮತ್ತು ತೇವ ತಾಗಿದರೆ ಮತ್ತೆ ಮೆತ್ತಗೆ. ಮುಂದೊಂದು ದಿನ ಇನ್ನೊಬ್ಬರು ಬಿಚ್ಚಿ ಸರಿಮಾಡಲಿ ಎಂಬ ಅವಕಾಶ ಅದರೊಳಗೇ ಇದೆ. ಎಪಾಕ್ಸಿಯಲ್ಲಿ ಆ ಅವಕಾಶವಿಲ್ಲ. ದಾವಣಗೆರೆಯ ಕಲಾವಿದರು ಅಂದು ಏಕೆ ತಡೆದರೆಂಬುದು ಈಗ ಹುಡುಗನಿಗೂ ಅರ್ಥವಾಯಿತು.

ಒಳಗಿನಿಂದ ಸೀಳಿನ ಉದ್ದಕ್ಕೂ ಬಟ್ಟೆಯ ಪಟ್ಟಿ, ಹೊರಗಿನಿಂದ ಹಗ್ಗದ ಬಿಗಿತ. ಒಣಗಿದ ಮೇಲೆ ಕುತ್ತಿಗೆಯ ಬೆಸುಗೆ, ಹಲಗೆಯ ಜೋಡಣೆ, ಅರಗಿನ ಪಾಲಿಶ್, ಕೊನೆಗೆ ಕುದುರೆಯ ಕೆಲಸ. ಒಂದೊಂದು ಹಂತಕ್ಕೂ ಒಣಗಲು ಕಾಯಬೇಕು. ಆರು ವಾರ ಬಿಟ್ಟು ಬನ್ನಿ ಎಂದರು. ಸೀಳು ಮುಂದಕ್ಕೆ ಓಡಿರಲಿಲ್ಲ ಎಂಬ ಸುದ್ದಿಯೊಂದಿಗೆ ಊರಿಗೆ ಮರಳಿದೆವು.

ಪಾಶ್ಚಾತ್ಯರಲ್ಲೂ ಇದೇ ಕಥೆ. ಅವರ ವಾದ್ಯವೃಂದದಲ್ಲಿ ಡಬಲ್ ಬೇಸ್ ಎಂಬ ಆಳೆತ್ತರದ ವಾದ್ಯವಿದೆ, ನಿಂತುಕೊಂಡು ಇಲ್ಲವೇ ಎತ್ತರದ ಸ್ಟೂಲಿನ ಮೇಲೆ ಕೂತು ನುಡಿಸುತ್ತಾರೆ. ಅದಕ್ಕೂ ನಾಲ್ಕು ತಂತಿ. ಅತ್ಯಂತ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಮಾತ್ರ ಕಂಪಿಸುತ್ತದೆ. ಹಳೆಯ ಡಬಲ್ ಬೇಸ್ ಸೀಳು ಬಿಟ್ಟರೆ ಅಲ್ಲಿಯೂ ಪಳಗಿದ ಕೈ ಹುಡುಕಿಕೊಂಡು ದೂರ ಹೋಗಬೇಕು. ಅಲ್ಲಿಯೂ ಬಿಸಿನೀರಿಗೆ ಸಡಿಲುವ ಅಂಟೇ. ಪಿಟೀಲು ಕುಟುಂಬದ ವಾದ್ಯಗಳ ಒಳಗೆ ಮೇಲಿನ ಹಲಗೆಗೂ ಹಿಂದಿನ ಹಲಗೆಗೂ ನಡುವೆ ಒಂದು ಪುಟ್ಟ ಕಡ್ಡಿ ನಿಲ್ಲಿಸುತ್ತಾರೆ. ಅದು ಕೂದಲೆಳೆಯಷ್ಟು ಸರಿದರೂ ನಾದ ಬದಲಾಗುತ್ತದೆ. ಫ್ರೆಂಚರು ಆ ಕಡ್ಡಿಗೆ ಇಟ್ಟ ಹೆಸರು 'ಆತ್ಮ'. ನಮ್ಮವರು ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಗೆ ಸೇರಿಸುವ ನೂಲಿನ ಎಳೆಗೆ ಕೊಟ್ಟ ಹೆಸರು 'ಜೀವ'! ಸಾವಿರಾರು ಮೈಲಿ ದೂರದ ಎರಡು ಜನಾಂಗದ ಬಡಗಿಗಳಿಗೆ ಒಂದೇ ಬಗೆಯ ಮಾತು ಹೊಳೆದದ್ದು ಕೌತುಕವಲ್ಲವೆ?

ರಾಮನ್ ಕಂಡ ಸೋಜಿಗ

ನವೆಂಬರಿನಲ್ಲಿ ಮತ್ತೆ ಹೋದಾಗ ಕುದುರೆಯ ಕೆಲಸ ಬಾಕಿ ಇಟ್ಟುಕೊಂಡು ಕಾದಿದ್ದರು; "ಹುಡುಗ ನೋಡ್ಲಿ" ಎಂದು. ಹಿಂದೆ ಕುದುರೆಗೆ ದಂತ, ಜಿಂಕೆಯ ಕೊಂಬು ಬಳಸುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಅದು ತಪ್ಪಿ, ಈಗ ಸಾಮಾನ್ಯ ಮೂಳೆ, ಗಟ್ಟಿ ಮರ, ಕೃತಕ ವಸ್ತುಗಳು ಬಂದಿವೆ. ಪಿಟೀಲಿನ ಕುದುರೆ ಅಂಚು ಚೂಪು. ತಂಬೂರಿಯದು ಅಗಲವಾದ ಮಣೆ. ಅದರ ಮೈ ಕಣ್ಣಿಗೆ ಸಪಾಟಾಗಿ ಕಂಡರೂ ಬಹಳ ಸಣ್ಣದಾಗಿ ಇಳಿಜಾರಾಗಿರುತ್ತದೆ. ಮಿಡಿದ ತಂತಿ ಆ ಇಳಿಜಾರನ್ನು ಪ್ರತಿ ಕಂಪನಕ್ಕೂ ಸವರಿಕೊಂಡು ಹೋಗುತ್ತದೆ. ಆ ಸವರುವಿಕೆಯೇ ತಂಬೂರಿಯ ಝೇಂಕಾರ. ಆ ಇಳಿಜಾರನ್ನು ಅರದಿಂದ ಉಜ್ಜಿ ಹದಕ್ಕೆ ತರುವುದಕ್ಕೆ ಜವಾರಿ ಎನ್ನುತ್ತಾರೆ.

ಇದರ ವಿಜ್ಞಾನವನ್ನು ಮೊದಲಿಗೆ ಆಳವಾಗಿ ನೋಡಿದವರಲ್ಲಿ ನಮ್ಮ ಸಿ.ವಿ. ರಾಮನ್ ಪ್ರಮುಖರು. ಬೆಳಕಿನ ಚದರುವಿಕೆಗೆ 1930ರಲ್ಲಿ ನೊಬೆಲ್ ಪಡೆಯುವ ಮುನ್ನ ಅವರು ಕಲ್ಕತ್ತೆಯಲ್ಲಿ ವಾದ್ಯಗಳ ಮೇಲೆ ಬಹಳ ಕೆಲಸ ಮಾಡಿದ್ದರು. 1921ರಲ್ಲಿ ವೀಣೆ ಮತ್ತು ತಂಬೂರಿಯ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್ ಹೇಳಿದ ನಿಯಮವೊಂದಿದೆ. ತಂತಿ ತನ್ನ ಮೂಲ ಸ್ವರದ ಜೊತೆಗೆ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ಆವೃತ್ತಿಯ ಉಪಸ್ವರಗಳನ್ನೂ ಹೊರಡಿಸುತ್ತದೆ. ಒಂದೊಂದು ಉಪಸ್ವರಕ್ಕೂ ತಂತಿಯ ಮೇಲೆ ಅಲುಗಾಡದ ಬಿಂದುಗಳಿರುತ್ತವೆ. ಅಂಥ ಬಿಂದುವಿನಲ್ಲೇ ಮಿಡಿದರೆ ಆ ಉಪಸ್ವರ ಹುಟ್ಟಬಾರದು. ಉದಾಹರಣೆಗೆ, ಸರಿಯಾಗಿ ನಡುವೆ ಮಿಡಿದರೆ ಎರಡು ಪಟ್ಟಿನ ಸ್ವರ ಕೇಳಬಾರದು. ಆದರೆ ತಂಬೂರಿಯಲ್ಲಿ ಕೇಳುತ್ತದೆ! ಕುದುರೆಯ ಆ ಇಳಿಜಾರು ಮತ್ತು ಜೀವದ ಎಳೆಯಿಂದಾಗಿ ತಂತಿಯ ತುದಿ ಒಂದೇ ಕಡೆ ನಿಲ್ಲದೆ ಸರಿದಾಡುತ್ತದೆ. ನಿಯಮಕ್ಕೆ ಆಧಾರವಾದ ಷರತ್ತೇ ಅಲ್ಲಿ ಇರುವುದಿಲ್ಲ ಎಂದು ರಾಮನ್ ತೋರಿಸಿದರು. ಪಠ್ಯಪುಸ್ತಕದ ನಿಯಮ ಸುಳ್ಳಾಗಲಿಲ್ಲ. ನಮ್ಮ ಹೆಸರಿಲ್ಲದ ಬಡಗಿಗಳು ಅದನ್ನು ದಾಟುವ ದಾರಿ ಎಂದೋ ಕಂಡುಕೊಂಡಿದ್ದರು, ಅಷ್ಟೆ.

ಕುಶಲಿಗರು ರಾಮನ್ ಪ್ರಬಂಧ ಓದಿಲ್ಲ. ಅರದಿಂದ ಎರಡು ಬಾರಿ ಉಜ್ಜುವರು, ತಂತಿ ಕೂರಿಸುವರು, ಮಿಡಿಯುವರು, ತಲೆಯಾಡಿಸುವರು, ಮತ್ತೆ ತೆಗೆಯುವರು. ಹೀಗೆ ಎರಡು ತಾಸು. ಕೊನೆಗೆ ನೂಲಿನ ಎಳೆಯನ್ನು ಖರ್ಜದ ತಂತಿಯ ಕೆಳಗೆ ಸೇರಿಸಿ ಮೆಲ್ಲಗೆ ಸರಿಸಿದರು. ಒಂದು ಜಾಗಕ್ಕೆ ಬಂದಾಗ ದನಿ ಹೂವಿನಂತೆ ಬಿಚ್ಚಿಕೊಂಡಿತು. ಹುಡುಗ ಹೌಹಾರಿ ನನ್ನ ಮುಖ ನೋಡಿದ.

ಖರ್ಜದ ತಂತಿ ಮಾತ್ರ ಏಕೆ ಹಿತ್ತಾಳೆಯದು, ದಪ್ಪ? ವಿದ್ಯಾರ್ಥಿಗಳೇ, ಇದನ್ನು ನೀವೇ ಹೇಳಬಲ್ಲಿರಿ. ಅದು ಜೋಡಿ ತಂತಿಗಳಿಗಿಂತ ಒಂದು ಸ್ಥಾಯಿ ಕೆಳಗೆ, ಅಂದರೆ ಅರ್ಧ ಆವೃತ್ತಿ. ಉದ್ದ, ಎಳೆತ ಎರಡೂ ಅಷ್ಟೇ ಇದ್ದರೆ ಆವೃತ್ತಿ ಅರ್ಧಕ್ಕಿಳಿಯಲು ಪ್ರತಿ ಮೀಟರ್ ತಂತಿಯ ಭಾರ ನಾಲ್ಕು ಪಟ್ಟಾಗಬೇಕು. ಎಳೆತ ಸಡಿಲಿಸಿಯೂ ಇಳಿಸಬಹುದು. ಆಗ ತಂತಿ ಜೋತುಬಿದ್ದು ಕುದುರೆಗೆ ಬಡಿಯುತ್ತದೆ.

ಅಜ್ಜಾರ ತೀರ್ಪು

ತಂಬೂರಿ ಊರಿಗೆ ಬಂದ ಸೋಮವಾರ ಭಜನೆ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಜ್ಜಾರನ್ನು ಮೊಮ್ಮಗ ಕೈಹಿಡಿದು ಕರೆತಂದ. ಬುರುಡೆಯ ಮೇಲಿನ ಗೆರೆಯನ್ನು ಅವರು ಬೆರಳಿನಿಂದ ಸವರಿ ನೋಡಿದರು. ಗೆರೆ ಇತ್ತು, ಅದನ್ನು ಕುಶಲಿಗರು ಬಣ್ಣದಲ್ಲಿ ಮುಚ್ಚಿರಲಿಲ್ಲ. ತಾವೇ ಬಿರಡೆ ತಿರುವಿ, ಮಣಿ ಸರಿಸಿ ಶ್ರುತಿ ಕೂಡಿಸಿದರು. ಬಹಳ ಹೊತ್ತು ಹಾಡಲೇ ಇಲ್ಲ. ಬರೀ ಮಿಡಿಯುತ್ತ ಕೂತರು. ನನಗೋ ಎದೆ ಡವಡವ. ಕೊನೆಗೆ, "ಮೊದಲಿನ ದನಿ ಅಲ್ಲ ಮೇಷ್ಟ್ರೇ" ಎಂದರು. ಸಭೆ ಸ್ತಬ್ಧ. "ಅದಕ್ಕಿಂತ ತುಸು ಬಿಚ್ಚಿಕೊಂಡೈತೆ. ನನ್ನ ದನಿಯೂ ಮೊದಲಿನದಲ್ಲ, ಬಿಡ್ರಿ" ಎಂದು ನಕ್ಕು ಹಾಡಲು ಶುರುಮಾಡಿದರು. ಅಂದು ರಾತ್ರಿ ಹನ್ನೊಂದರವರೆಗೂ ಅವರು ಏಳಲಿಲ್ಲ.

ಖರ್ಚೆಷ್ಟೆಂದು ಕೇಳುವವರಿಗೆ: ಎರಡು ಸಲದ ರೈಲು ಟಿಕೆಟ್ ಸೇರಿಸಿದರೂ ಹೊಸ ತಂಬೂರಿಯ ಬೆಲೆಯ ಅರ್ಧ ಮುಟ್ಟಲಿಲ್ಲ.

ತಂದೆತಾಯಿಗಳಿಗೆ ಒಂದು ಮಾತು

ಭಜನೆ ಮುಗಿದ ಮೇಲೆ ಹುಡುಗನ ತಂದೆ ನನ್ನನ್ನು ಪಕ್ಕಕ್ಕೆ ಕರೆದರು. "ಇವ್ನು ಮಿರಜಿಗೆ ಹೋಗಿ ಕಲೀತೀನಿ ಅಂತಾನೆ ಸಾರ್. ನಾನು ಉಳಿ ಹಿಡಿದದ್ದು ಸಾಕು, ಇವ್ನಾದ್ರೂ ಆಫೀಸ್ ಕೆಲಸಕ್ಕೆ ಹೋಗ್ಲಿ ಅಂತ ಓದಿಸ್ತಿದ್ದೀನಿ. ಇದಕ್ಕೆ ಮುಂದೆ ಭವಿಷ್ಯ ಐತಾ?"

ಸುಲಭದ ಉತ್ತರ ನನ್ನಲ್ಲಿರಲಿಲ್ಲ. ಮಿರಜಿನ ಕುಶಲಿಗರ ದೊಡ್ಡ ಮಗ ಎಂಜಿನಿಯರಿಂಗ್ ಓದಿ ಪುಣೆಯಲ್ಲಿದ್ದಾನೆ. ಚಿಕ್ಕವನು ಮಾತ್ರ ತಂದೆಯ ಪಕ್ಕದಲ್ಲಿ ಕೂರುತ್ತಾನೆ. ಶ್ರುತಿಪೆಟ್ಟಿಗೆ ಬಂದ ಮೇಲೆ ತಂಬೂರಿಯ ಗಿರಾಕಿ ಇಳಿದದ್ದನ್ನು ಅವರು ಮುಚ್ಚಿಡಲಿಲ್ಲ. ಇನ್ನೊಂದು ಕಡೆ, 2024ರಲ್ಲಿ ಮಿರಜಿನ ಸಿತಾರ್ ಮತ್ತು ತಂಬೂರಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ; ಬೇರೆಡೆ ಮಾಡಿದ್ದನ್ನು ಇನ್ನು ಮಿರಜಿನದೆಂದು ಮಾರುವಂತಿಲ್ಲ. ಇಟಲಿಯ ಕ್ರೆಮೋನಾ ಪಟ್ಟಣದಲ್ಲಿ ಪಿಟೀಲು ತಯಾರಿಕೆಯನ್ನು ಕಲಿಸಲು 1938ರಿಂದ ಶಾಲೆಯೇ ಇದೆ. ಆ ಊರಿನ ಪಿಟೀಲು ವಿದ್ಯೆಯನ್ನು ಯುನೆಸ್ಕೊ 2012ರಲ್ಲಿ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಕಲಿಯಲು ಬೇರೆ ಬೇರೆ ದೇಶಗಳ ಮಕ್ಕಳು ಬರುತ್ತಾರೆ. ನಮ್ಮಲ್ಲಿ ಈ ವಿದ್ಯೆ ಇನ್ನೂ ಹೆಚ್ಚಾಗಿ ತಂದೆಯಿಂದ ಮಗನಿಗೆ, ಒಲೆಯ ಪಕ್ಕದಲ್ಲಿ ದಾಟುತ್ತಿದೆ.

ಇದಿಷ್ಟನ್ನೂ ಅವರಿಗೆ ಹೇಳಿದೆ. ಎಸ್ಸೆಸ್ಸೆಲ್ಸಿ ಮುಗಿಯಲಿ, ಬೇಸಿಗೆ ರಜೆಯಲ್ಲಿ ಎರಡು ತಿಂಗಳು ಹೋಗಿ ಬರಲಿ, ಆಮೇಲೆ ಅವನೇ ಹೇಳಲಿ ಎಂದೆ. ಮಿರಜಿನವರ ಷರತ್ತೂ ತಿಳಿಸಿದೆ: ಮೊದಲ ವರ್ಷ ಸರೇಸು ಕಾಯಿಸುವುದು, ಹೊಟ್ಟು ಗುಡಿಸುವುದು, ಕಿವಿಗೊಟ್ಟು ಕೇಳುವುದು, ಅರ ಕೈಗೆ ಸಿಗುವುದು ಆಮೇಲೆ. ತಂದೆ ಇನ್ನೂ ಹೂಂ ಅಂದಿಲ್ಲ, ಉಹುಂ ಎಂದೂ ಅಂದಿಲ್ಲ. ಹುಡುಗ ಮಾತ್ರ ಧ್ವನಿಯ ಪಾಠವನ್ನು ಈಗ ಎರಡೆರಡು ಸಲ ಓದುತ್ತಿದ್ದಾನೆ.

ಹೋಗುವುದು ಹೇಗೆ?

ಬೆಂಗಳೂರು, ದಾವಣಗೆರೆ, ಹರಿಹರ, ಹುಬ್ಬಳ್ಳಿ, ಬೆಳಗಾವಿಗಳಿಂದ ಮಿರಜಿಗೆ ನೇರ ರೈಲುಗಳಿವೆ. ದರ್ಗಾ ನೋಡಿಕೊಂಡು ವಾದ್ಯದ ಗಲ್ಲಿಗೆ ನಡೆದೇ ಹೋಗಬಹುದು. ಮಕ್ಕಳನ್ನು ಕರೆದೊಯ್ಯಿರಿ, ಕೆಲಸ ಮಾಡುವವರು ಬೇಸರಿಸದೆ ತೋರಿಸುತ್ತಾರೆ. ಹಳೆಯ ವಾದ್ಯ ಒಯ್ಯುವವರು ತಂತಿ ಸಡಿಲಿಸಿ, ದಪ್ಪ ಬಟ್ಟೆಯಲ್ಲಿ ಸುತ್ತಿ, ಮೇಲಿನ ಬರ್ತ್ ಕಾದಿರಿಸಿಕೊಳ್ಳಿ. ಒಡೆದ ಚೂರು ಎಷ್ಟೇ ಸಣ್ಣದಿರಲಿ, ಬಿಸಾಡದೆ ಪೊಟ್ಟಣ ಕಟ್ಟಿ ಜೊತೆಗಿಟ್ಟುಕೊಳ್ಳಿ. ಊರಿನಲ್ಲಿ ಯಾರಾದರೂ ಬೇರೆ ಅಂಟು ಹಾಕಿಕೊಡುತ್ತೇನೆಂದರೆ, ದಯವಿಟ್ಟು ಬೇಡ ಎನ್ನಿ.